ಅತ್ತೆ ಕಡಿದ ಬದು

ನಮ್ಮತ್ತೆಯ ಕಾಲ್ಬೆರಳುಗಳು ಒಂದಕ್ಕೊಂದು ತಾಗದ ಹಾಗೆ ಅಗಲಿಕೊಂಡಿದ್ದವು. ಬೆರಳ ಸಂದಿನ ಕೆಮ್ಮಣ್ಣು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮಳೆ ಹನಿದರೆ ಊರೆಲ್ಲ ಒಳಗೆ ಓಡುತ್ತಿತ್ತು. ಇವರು ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊರಗೆ ಹೊರಡುತ್ತಿದ್ದರು.

ರಾಜಾಜಿನಗರದಲ್ಲಿ ಹೊಸ ಸೈಟುಗಳಿಗೆ ಕಲ್ಲು ನೆಡುತ್ತಿದ್ದ ಕಾಲ. ಹೆಗ್ಗನಹಳ್ಳಿ ಇನ್ನೂ ಹಳ್ಳಿಯೇ. ಚಿಕ್ಕಪೇಟೆಯಲ್ಲಿ ಬೆಳೆದ ನಾನು ಅಲ್ಲಿಗೆ ಸೊಸೆಯಾಗಿ ಹೋದೆ. ಮನೆ ಇಳಿಜಾರಿನಲ್ಲಿತ್ತು. ದಿಬ್ಬದಿಂದ ನುಗ್ಗುವ ನೀರು ಹಿತ್ತಿಲ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಅದಕ್ಕೆ ಅಡ್ಡಲಾಗಿ ಅತ್ತೆ ಮಣ್ಣಿನ ಬದು ಹಾಕಿ, ಉದ್ದಕ್ಕೂ ಲಾವಂಚ ನೆಟ್ಟಿದ್ದರು. "ಬೇರು ಮಣ್ಣನ್ನ ಕಚ್ಕಂತದೆ ಕಣವ್ವ," ಎನ್ನುತ್ತಿದ್ದರು.

ಪಕ್ಕದ ತಗ್ಗಿನ ಮನೆ ಅವರ ಓರಗಿತ್ತಿಯದು, ನನಗೆ ದೊಡ್ಡತ್ತೆ. ಆಸ್ತಿ ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಜಗಳ ಏನೆಂದು ಯಾರೂ ನನಗೆ ಹೇಳಲಿಲ್ಲ.

ಒಂದು ಸಂಜೆ ಮಳೆ ಹುಚ್ಚೆದ್ದು ಸುರಿಯಿತು. ಬದು ತಡೆದ ನೀರೆಲ್ಲ ಪಕ್ಕಕ್ಕೆ ತಿರುಗಿ ದೊಡ್ಡತ್ತೆಯ ಮಣ್ಣಿನ ಗೋಡೆಗೆ ಬಡಿಯತೊಡಗಿತು. ಅತ್ತೆ ಗುದ್ದಲಿ ಎತ್ತಿಕೊಂಡು ಓಡಿದರು. ಬದುವಿಗೆ ಇನ್ನಷ್ಟು ಮಣ್ಣೆಳೆಯುತ್ತಾರೆ ಎಂದುಕೊಂಡೆ. ಅವರು ಬದುವನ್ನೇ ಕಡಿದರು! ನೀರು ನಮ್ಮ ಹಿತ್ತಿಲಿಗೇ ನುಗ್ಗಿ, ಅವರೆಗಿಡದ ಸಾಲುಗಳನ್ನು ಗೊಬ್ಬರ ಸಮೇತ ಎಳೆದುಕೊಂಡು ಓಣಿಗೆ ಇಳಿಯಿತು.

"ತಲೆ ಕೆಟ್ಟೈತಾ ಅವ್ವಾ ನಿಂಗೆ?" ನನ್ನ ಗಂಡ ಕೂಗಿದರು.

"ಗೋಡೆ ಬಿದ್ರೆ? ಒಳಗೆ ಅವ್ಳೊಬ್ಳೇ ಅವ್ಳೆ ಕಣೋ!"

ಬೆಳಗ್ಗೆ ದೊಡ್ಡತ್ತೆ ಬೇಲಿಯ ಬಳಿ ಬಂದು ನಿಂತರು. ಇನ್ನೇನು ರಾಜಿಯಾಯಿತೆಂದು ಹಿಗ್ಗಿದೆ. ಅತ್ತೆ ಮುಖ ತಿರುಗಿಸಿ ಒಳಗೆ ಬಂದುಬಿಟ್ಟರು.

"ಮಾತಾಡ್ಸಬಾರ್ದಾ ಅತ್ತೆ?"

"ಅವ್ಳನ್ನಾ? ನನ್ ಜೀವ ಇರೋಗಂಟ ಇಲ್ಲ."

ಹಾಗಾದರೆ ನಮ್ಮ ಹಿತ್ತಿಲನ್ನು ಹಾಳು ಮಾಡಿಕೊಂಡದ್ದೇಕೆ? ಇದು ಹಗೆಯೋ, ಮಮತೆಯೋ? ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅತ್ತೆ ಎರಡು ಮನೆಗಳ ನಡುವೆ ಓಣಿಯವರೆಗೆ ಕಾಲುವೆ ತೋಡಿದಾಗಲಂತೂ ಇನ್ನೂ ಗೊಂದಲವಾಯಿತು. ದೊಡ್ಡತ್ತೆ ಕಲ್ಲು ಹೊತ್ತು ತಂದು ಹಾಕುತ್ತಿದ್ದರು, ಇವರು ಜೋಡಿಸುತ್ತಿದ್ದರು. ಕೆಲಸ ಮುಗಿದರೂ ಒಂದು ಮಾತಿಲ್ಲ.

ಅತ್ತೆ ತೀರಿಕೊಂಡ ದಿನ ದೊಡ್ಡತ್ತೆ ನೇರವಾಗಿ ಒಳಗೆ ಬಂದು, "ಯಾರೂ ಮುಟ್ಬೇಡಿ, ನಾನೇ ನೀರು ಹುಯ್ತೀನಿ," ಎಂದರು. ಕೈಯದ್ದಿ ಬಿಸಿ ನೋಡಿ, ಮಗುವಿಗೆ ಎರೆಯುವ ಹಾಗೆ ಮೆಲ್ಲಗೆ ಎರೆದರು. ನನಗೆ ತಡೆಯಲಾಗಲಿಲ್ಲ. ನಿಮ್ಮಿಬ್ಬರ ಜಗಳವಾದರೂ ಏನಾಗಿತ್ತು ಎಂದು ಕೇಳಿಯೇಬಿಟ್ಟೆ.

"ನಿಮ್ಮತ್ತೆನೇ ಕೇಳ್ಬೇಕಿತ್ತು," ಎಂದರು ದೊಡ್ಡತ್ತೆ, ಆ ಒದ್ದೆ ಕೂದಲಿನ ಸಿಕ್ಕು ಬಿಡಿಸುತ್ತ. "ನಾನು ಅವ್ಳ ಜೊತೆ ಮಾತು ಬಿಟ್ಟಿದೀನಿ."