ಹೊಸ ಟೈರು ಹಿಂದಕ್ಕೆ

ಹೋದ ತಿಂಗಳು ಕುಮಟಾದ ನನ್ನ ಸೈಕಲ್ ಅಂಗಡಿಗೆ ಹೊರಗಿನ ಊರಿನ ಇಬ್ಬರು ಬಂದಿದ್ದರು. ಗುಡ್ಡ ಹತ್ತಿ ಇಳಿಯುವುದಕ್ಕೆಂದೇ ಮಾಡಿದ ದುಬಾರಿ ಸೈಕಲ್ಲುಗಳು. ಒಬ್ಬನ ಟೈರಿನ ಪಕ್ಕೆ ಕಲ್ಲಿಗೆ ಸಿಕ್ಕಿ ಸೀಳಿತ್ತು. ಬಿಚ್ಚಿ ಒಳಗೆ ಬೆರಳಾಡಿಸಿದೆ. ಬಿಸಿಯಾದ ರಬ್ಬರು, ಕೆಂಪುಮಣ್ಣು ಎರಡೂ ಕೂಡಿದ ವಾಸನೆ ಮೂಗಿಗೆ ಹೊಡೆಯಿತು. ಅದರ ಜೊತೆ ಮೀನು ನೀರಿನ ವಾಸನೆಯೂ ಇರಬೇಕಿತ್ತಲ್ಲ ಎಂದು ಒಂದು ಕ್ಷಣ ಹುಡುಕಿದೆ… ಇಪ್ಪತ್ತು ವರ್ಷಕ್ಕೂ ಹಿಂದೆ ಇದೇ ಬಾಗಿಲಲ್ಲಿ ಕೂತು, ಇಂಥದೇ ಒಂದು ಸೀಳಿನ ಮೇಲೆ ಬೆರಳಿಟ್ಟು ನಾನು ಹೇಳಿದ ಸುಳ್ಳೊಂದು ನೆನಪಾಯಿತು.

ಆ ಸುಳ್ಳನ್ನು ಕೇಳಿದವನು ಸೈಕಲ್ಲಿನ ಮೇಲೆ ಮೀನು ಮಾರುವವನು. ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಬಂಗಡೆ, ತಾರ್ಲೆ ಮೀನು ತುಂಬಿಕೊಂಡು ಮಿರ್ಜಾನದ ಆಚೆ ಗುಡ್ಡದ ಕೇರಿಗಳಿಗೆ ಹೋಗುತ್ತಿದ್ದ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು, ಕಬ್ಬಿಣದಂಥ ಆಳು. ಬಾಯಿ ಮಾತ್ರ ಕೊಳಕು. ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಮಾತು ತಡವರಿಸುವ ದರ್ಜಿ ಅವನ ಪಾಲಿಗೆ ‘ತೊದಲ’, ಕಣ್ಣಿಗೆ ಪೊರೆ ಬಂದಿದ್ದ ಚಹಾದಂಗಡಿಯ ಮುದುಕ ‘ಕುರುಡ’. ನನ್ನ ಬಲಗಾಲು ಚಿಕ್ಕಂದಿನ ಒಂದು ಜ್ವರದಲ್ಲಿ ಸೊರಗಿಹೋಗಿದೆ. ಹಾಗಾಗಿ ನಾನು ‘ಕುಂಟ’. ಸೈಕಲ್ ಅಂಗಡಿಯವನಾಗಿಯೂ ಸೈಕಲ್ ಹತ್ತಲಾರದವನು ಎಂಬುದು ಅವನಿಗೆ ದಿನಾ ಹೊಸದಾಗಿ ನಗು ತರಿಸುತ್ತಿತ್ತು.

ಆಗ ಕೊಂಕಣ ರೈಲು ಓಡಲು ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಹೊಳನಗದ್ದೆಯ ಕಡೆಯವನೊಬ್ಬ ಮೊಪೆಡ್ ಕೊಂಡು ಅದೇ ಕೇರಿಗಳಿಗೆ ಮೀನು ಒಯ್ಯತೊಡಗಿದ. ಮೀನಿನ ವ್ಯಾಪಾರದಲ್ಲಿ ಯಾರ ಹಾರ್ನು ಮೊದಲು ಕೇಳುತ್ತದೋ ಅವನದೇ ಗಿರಾಕಿ. ಹತ್ತು ನಿಮಿಷ ತಡವಾದವನು ಬುಟ್ಟಿಯನ್ನು ಹಾಗೆಯೇ ತಿರುಗಿ ತರಬೇಕು. ಮೊಪೆಡ್ ರಸ್ತೆ ಸುತ್ತಿಕೊಂಡು ಹೋಗಬೇಕಿತ್ತು. ಗುಡ್ಡದ ನೆತ್ತಿಯಿಂದ ನೇರ ಕೇರಿಗೆ ಇಳಿಯುವ ಕಾಲುದಾರಿ ಒಂದಿತ್ತು. ಬರೀ ಚೂಪು ಕಲ್ಲು, ಕೊರಕಲು, ಒಂದು ತಿರುವಿನ ಪಕ್ಕದಲ್ಲಿ ಚಿರೆಕಲ್ಲು ಕಡಿದು ಬಿಟ್ಟ ಆಳವಾದ ಹೊಂಡ. ನಮ್ಮ ಸೈಕಲ್ಲಿನವನು, ಹೊನ್ನಾವರದ ಕಾಲೇಜು ಹುಡುಗನೊಬ್ಬ ಶೋಕಿಗೆ ಇಟ್ಟುಕೊಂಡಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲನ್ನು ಅಗ್ಗಕ್ಕೆ ಕೊಂಡು, ಹಿಂದೆ ಕಬ್ಬಿಣದ ಕ್ಯಾರಿಯರ್ ಬೆಸೆಸಿ, ಮೀನಿನ ಪೆಟ್ಟಿಗೆ ಸಮೇತ ಆ ದಾರಿಯಲ್ಲಿ ಇಳಿಯಲು ಶುರುಮಾಡಿದ. ಊರೆಲ್ಲ ನಕ್ಕಿತು. ಆದರೆ ಮೊಪೆಡ್ಡಿನವನು ರಸ್ತೆಯಲ್ಲಿರುವಾಗಲೇ ಇವನ ಹಾರ್ನು ಕೇರಿಯಲ್ಲಿ ಕೇಳತೊಡಗಿತು.

ಸೋತದ್ದು ಟೈರು. ತಿಂಗಳಿಗೊಂದು ಹರಿಯುತ್ತಿತ್ತು.

“ಏ ಕುಂಟಾ, ಕಲ್ಲಿಗೆ ಹೊಡದ್ರೂ ಹರಿಯದ ಟೈರು ಯಾವ್ದಾದ್ರೂ ಇದ್ಯೇನಾ?” ಎನ್ನುತ್ತ ಬರುತ್ತಿದ್ದ.

ನನಗೆ ಸವಾರಿ ಗೊತ್ತಿಲ್ಲ, ಟೈರು ಗೊತ್ತು. ಸವೆದ ಟೈರು ಕೈಗೆ ಕೊಟ್ಟರೆ ಸವಾರ ಎಲ್ಲಿ ಬ್ರೇಕು ಹಿಡಿಯುತ್ತಾನೆ, ಯಾವ ಪಕ್ಕಕ್ಕೆ ವಾಲುತ್ತಾನೆ ಎಂದು ಹೇಳಬಲ್ಲೆ. ಗುಡ್ಡ ಇಳಿಯುವವನು ಮೇಲಿನ ದಪ್ಪ ಉಬ್ಬುಗಳನ್ನು ನೋಡಿ ಮರುಳಾಗಬಾರದು. ಪಕ್ಕೆಯನ್ನು ಎರಡು ಬೆರಳಲ್ಲಿ ಮಡಚಿ ನೋಡಬೇಕು. ಕಾಗದದಂತೆ ಮಡಚಿದರೆ ಅದು ಪೇಟೆಯ ಟೈರು. ರಬ್ಬರು ತೀರ ಗಟ್ಟಿಯಾದರೆ ವರ್ಷಗಟ್ಟಲೆ ಬರುತ್ತದೆ, ಆದರೆ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಮೆತ್ತಗಾದರೆ ಕಲ್ಲನ್ನು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಇದೆಲ್ಲ ಅಪ್ಪ ಕಲಿಸಿದ್ದು. ಅವರು ಇನ್ನೊಂದು ಮಾತು ಹೇಳುತ್ತಿದ್ದರು: ಹಿಂದಿನ ಟೈರು ಒಡೆದರೆ ಸೈಕಲ್ಲು ಎಳೆಯುತ್ತದೆ, ಮುಂದಿನದು ಒಡೆದರೆ ಸವಾರನನ್ನೇ ಎಸೆಯುತ್ತದೆ. ನಮ್ಮ ಕಡೆ ಎಲ್ಲರೂ ಮಾಡುವುದು ಉಲ್ಟಾ. ಭಾರ ಹಿಂದೆ, ಸವೆಯುವುದೂ ಹಿಂದೆ, ಆದ್ದರಿಂದ ಹೊಸ ಟೈರು ಹಿಂದಕ್ಕೆ, ಹಳೆಯದು ಮುಂದಕ್ಕೆ. ಗುಡ್ಡದ ಕಡೆಯ ಒಬ್ಬೊಬ್ಬ ಗಿರಾಕಿಯ ಜೊತೆಯೂ ಇದಕ್ಕೆ ಜಗಳ ಮಾಡಿ, ಒಳ್ಳೆಯದನ್ನು ಮುಂದೆ ಹಾಕಿ ಕಳಿಸುತ್ತಿದ್ದವನು ನಾನು. ಅವನೊಬ್ಬನ ಜೊತೆ ಮಾಡಲಿಲ್ಲ.

ಆ ವರ್ಷ ನನಗೊಂದು ಸಂಬಂಧ ಬಂದಿತ್ತು. ಅವನು ಮೀನು ಮಾರುವ ಕೇರಿಯ ಹುಡುಗಿ. ಕಾಲು ಸ್ವಲ್ಪ ಊನ ಎಂದು ನಮ್ಮವರು ಹೇಳಿದ್ದರು. ಹುಡುಗಿಯ ಮನೆಯವರು ಒಪ್ಪಿಯೂ ಇದ್ದರು. ಇವನು ಅವರ ಅಂಗಳದಲ್ಲಿ ಮೀನಿನ ಪೆಟ್ಟಿಗೆ ಇಳಿಸಿ, ನಾನು ನಡೆಯುವುದು ಹೇಗೆ ಎಂದು ನಡೆದು ತೋರಿಸಿದನಂತೆ. ಕೇರಿಯ ಮಕ್ಕಳು ಅವನ ಹಿಂದೆ ಸಾಲಾಗಿ ಕುಂಟಿದರಂತೆ. ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳಂತೆ. ಮರುದಿನ ಬೇಡವೆಂದು ಹೇಳಿ ಕಳಿಸಿದರು.

ಇದನ್ನು ನನಗೆ ಹೇಳಿದವನು ಅವನೇ. ಮೇ ತಿಂಗಳ ಕೊನೆ, ಅಂಗಡಿಯ ಬೆಂಚಿನ ತುಂಬ ಜನ. ಅವರಿಗಾಗಿ ಇನ್ನೊಮ್ಮೆ ನಡೆದು ತೋರಿಸಿದ. ಒಂದು ಕೈ ತೊಡೆಗೆ ಒತ್ತಿ, ಸೊಂಟ ತಿರುಗಿಸಿ… ಚೆನ್ನಾಗಿಯೇ ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೊಂದು ಸಲ ಮಾಡುತ್ತಿದ್ದ.

ಆಮೇಲೆ ಬೆವರು ಒರೆಸಿಕೊಂಡು ಒಂದು ಹೊಸ ಟೈರು ಕೇಳಿದ. ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿದೆ. ದಪ್ಪ ಪಕ್ಕೆಯದು, ಕಲ್ಲು ಹಿಡಿಯುವ ರಬ್ಬರಿನದು. ಹಿಂದಕ್ಕೆ ಹಾಕು ಎಂದ. ಹಾಕಿದೆ. ಮುಂದಿನ ಚಕ್ರವನ್ನು ತಿರುಗಿಸಿ ಬೆರಳು ಸವರುವಾಗ ಪಕ್ಕೆಯಲ್ಲಿ ಸೀಳು ಸಿಕ್ಕಿತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಒಳಗಿನ ನೂಲು ಕಿತ್ತು ಬಂದಿತ್ತು.

“ಮುಂದಿಂದು ಹ್ಯಾಂಗಿದೆ ನೋಡು. ಈ ಮಳೆಗಾಲ ನಡೀತದಾ?” ಎಂದು ಅವನೇ ಕೇಳಿದ.

“ನಡೀತದೆ” ಎಂದೆ.

ಆಮೇಲೆ ಪಂಪು ತೆಗೆದುಕೊಂಡು ಆ ಟೈರಿಗೆ ಗಟ್ಟಿಯಾಗಿ ಗಾಳಿಯನ್ನೂ ತುಂಬಿದೆ. ಗೊತ್ತಿಲ್ಲದೆ ಆದದ್ದು ಎಂದು ನಾನು ಯಾವತ್ತೂ ನನಗೆ ಹೇಳಿಕೊಂಡಿಲ್ಲ. ಅವನು ಬೀಳಲಿ ಎಂದೇ ತುಂಬಿದೆ.

ಮೂರನೆಯ ದಿನ ಬಿದ್ದ. ಹೊಂಡದ ಪಕ್ಕದ ತಿರುವಿನಲ್ಲಿ ಮುಂದಿನ ಟೈರು ಒಡೆದು, ಹ್ಯಾಂಡಲ್ಲಿನ ಮೇಲಿಂದ ಹಾರಿ, ಬಲಭುಜ ಕಲ್ಲಿಗೆ ಬಡಿದು ನುಚ್ಚುನೂರಾಯಿತು. ನಾಲ್ಕು ತಿಂಗಳು ಮಲಗಿದ. ಎದ್ದಾಗ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹ್ಯಾಂಡಲ್ಲು ಹಿಡಿಯುವ ಮಾತೇ ಇರಲಿಲ್ಲ. ಕೇರಿಗಳೆಲ್ಲ ಮೊಪೆಡ್ಡಿನವನ ಪಾಲಾದವು. ಅವನ ಹೆಂಡತಿ ಬುಟ್ಟಿ ಹೊತ್ತು ಪೇಟೆಯಲ್ಲಿ ಮೀನು ಮಾರಲು ಕೂತಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಮರೆತುಬಿಡುತ್ತಿದ್ದೆನೋ ಏನೋ. ಎದ್ದು ಓಡಾಡುವಂತಾದ ಮೊದಲ ದಿನವೇ ಅವನು ನನ್ನ ಅಂಗಡಿಗೆ ಬಂದ. ಬೆಂಚಿನ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹೇಳಿದ: “ಸೈಕಲ್ಲು ನನ್ನ ಸಮೇತ ಹೊಂಡಕ್ಕೇ ಹೊರಟಿತ್ತು. ಈ ತಮ ಆರಿಸಿ ಕೊಟ್ಟ ಹಿಂದಿನ ಟೈರು ಕಲ್ಲು ಕಚ್ಚಿ ನಿಂತ್ಕಂತು. ಇಲ್ದಿದ್ರೆ ಇಷ್ಟೊತ್ತಿಗೆ ನನ್ನ ತಿಥಿ ಊಟ ಮುಗೀತಿತ್ತು.”

ಕುಂಟ ಹೋಗಿ ನಾನು ಅವನಿಗೆ ತಮ, ಅಂದರೆ ತಮ್ಮ, ಆಗಿದ್ದೆ. ಅವನಿಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಅಂದಿನಿಂದ ಐದಾರು ವರ್ಷ ದಿನವೂ ಬಂದು ಅದೇ ಬೆಂಚಿನ ಮೇಲೆ ಕೂತ. ಬಂದ ಗಿರಾಕಿಗೆಲ್ಲ ಅದೇ ಕತೆ. ಭಟ್ಕಳದಿಂದ, ಹೊನ್ನಾವರದಿಂದ ಜನ ನನ್ನ ಹೆಸರು ಕೇಳಿಕೊಂಡು ಟೈರಿಗೆ ಬರತೊಡಗಿದರು. ತಾನು ಕೆಡಿಸಿದ ಸಂಬಂಧದ ಬಗ್ಗೆ ಒಂದು ದಿನವೂ ಬಾಯಿ ಬಿಡಲಿಲ್ಲ. ಆದರೆ ಬಸ್ಸು ಹತ್ತಿ ಊರೂರು ತಿರುಗಿ, ಹಳದೀಪುರದಲ್ಲಿ ಹೆಣ್ಣು ಗೊತ್ತುಮಾಡಿಕೊಂಡು ಬಂದ. ನನ್ನ ಹೆಂಡತಿ ಆ ಮನೆಯವಳೇ. ಮದುವೆಯ ದಿನ ಎಡಗೈಯಲ್ಲೇ ಅಕ್ಷತೆ ಹಾಕಿ, ಆ ಕೈಯಲ್ಲಿ ಹಾಕಬಾರದೆಂದು ಯಾರೋ ಗೊಣಗಿದ್ದಕ್ಕೆ ನಕ್ಕುಬಿಟ್ಟ.

ನನಗೆ ಅವನ ಮೇಲೆ ಕರುಣೆ ಬಂತೆಂದು ತಿಳಿಯಬೇಡಿ. ಬಯ್ಯುತ್ತಿದ್ದಾಗಿನದಕ್ಕಿಂತ ಹೆಚ್ಚು ದ್ವೇಷ ಹುಟ್ಟಿದ್ದು ಹೊಗಳತೊಡಗಿದ ಮೇಲೆಯೇ. ಅವನ ಕೆಮ್ಮು ಕೇಳಿದರೆ ಸಾಕು, ಸುತ್ತಿಗೆ ಗಟ್ಟಿಯಾಗಿ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಭಟ್ಕಳದ ಗಿರಾಕಿಯೊಬ್ಬನಿಗೆ ಅದೇ ಕತೆ ಹೇಳಿ ಮುಗಿಸಿದ. ಗಿರಾಕಿ ಹೋದ. ಅಂಗಡಿಯಲ್ಲಿ ಉಳಿದದ್ದು ನಾವಿಬ್ಬರೇ. ಅವನು ನನ್ನ ಕಡೆ ನೋಡಿ, ಮನೆಯವರನ್ನು ನೋಡಿ ನಗುವ ಹಾಗೆ ನಕ್ಕ. ಆ ನಗುವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

“ಮುಂದಿನ ಟೈರು ಸೀಳಿತ್ತು” ಎಂದೆ. “ಅವತ್ತೇ ನನ್ನ ಬೆರಳಿಗೆ ಸಿಕ್ಕಿತ್ತು. ಬೇಕಂತಲೇ ಹೇಳ್ಲಿಲ್ಲ.”

ಪಶ್ಚಾತ್ತಾಪದಿಂದ ಹೇಳಿದ್ದಲ್ಲ. ಅವನಿಗೆ ನೋಯಲಿ ಎಂದು ಹೇಳಿದ್ದು.

ಅವನು ನನ್ನ ಕೈಯನ್ನು ನೋಡಿದ. ಆಮೇಲೆ ನಕ್ಕ, ಆ ಹಳೆಯ ದೊಡ್ಡ ನಗು. “ಸೈಕಲ್ ಹತ್ತದ ಕುಂಟ ನೀನು. ನಿಂಗೆ ಟೈರಿನ ವಿಷ್ಯ ಎಂತ ಗೊತ್ತು?” ಎಂದು ಎದ್ದ. ಹೆಗಲಿಂದ ಜಾರಿ ಬಿದ್ದಿದ್ದ ಟವೆಲ್ಲನ್ನು ಎಡಗೈಯಲ್ಲಿ ಎತ್ತಿಕೊಳ್ಳಲು ಎರಡು ಸಲ ಬಗ್ಗಬೇಕಾಯಿತು. ನಾನು ಎತ್ತಿಕೊಡಲಿಲ್ಲ.

ಮರುದಿನದಿಂದ ಬರಲಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ ಕೂತಿರುವುದು ಕಾಣುತ್ತಿತ್ತು. ಒಂದೆರಡು ಸಲ ಆ ದಾರಿಯಾಗಿ ಹೋದೆ, ಅವನು ಬೇರೆ ಕಡೆ ನೋಡುತ್ತಿದ್ದ… ಅಥವಾ ನಾನೇ ಬೇರೆ ಕಡೆ ನೋಡಿದೆನೋ. ಎರಡು ವರ್ಷದ ನಂತರ ಕಾಮಾಲೆಯಾಗಿ ತೀರಿಕೊಂಡ.

ಹನ್ನೊಂದನೆಯ ದಿನ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ನನಗೆ ಚಾಪೆ ಹಾಕಿ ಹತ್ತಿರ ಕೂತಳು.

“ಎಂತ ಆಗಿತ್ತು ತಮಾ ನಿಮ್ಮಿಬ್ಬರಿಗೆ? ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಯಾರಾದ್ರೂ ಟೈರು ಅಂದ್ರೆ ಕೊನೇ ತನಕ ನಿನ್ನ ಅಂಗಡಿಗೇ ಹೋಗಿ ಅಂತಿದ್ರು.”

ಹೇಳುವುದಿದ್ದರೆ ಅದೇ ಹೊತ್ತು. ನನ್ನ ಬಾಯಲ್ಲಿ ಬಂದದ್ದು, “ಎಂತದೂ ಇಲ್ಲ ಅಕ್ಕ. ಕೆಲಸದ ಗಡಿಬಿಡಿ” ಎಂದು. ಆಕೆ ನಂಬಿದಳು.

ಬೆಂಚು ಈಗಲೂ ಇದೆ, ಅದರ ಮೇಲೆ ಹಳೆಯ ರಿಮ್ಮುಗಳನ್ನು ಪೇರಿಸಿದ್ದೇನೆ. ನನ್ನನ್ನು ಈಗ ಎಲ್ಲರೂ ಮರ್ಯಾದೆಯಿಂದ ಮಾತಾಡಿಸುತ್ತಾರೆ. ಅವನು ಇರಬೇಕಿತ್ತು ಅನ್ನಿಸುತ್ತದೆ, ಬಯ್ಯಲಿಕ್ಕಾದರೂ. ಎದುರಿಗೆ ಬಂದರೆ ಏನು ಹೇಳುತ್ತಿದ್ದೆ ಎಂಬುದು ಮಾತ್ರ ಗೊತ್ತಿಲ್ಲ…

ಅವನ ಹೆಂಡತಿ ಇನ್ನೂ ಮೀನು ಪೇಟೆಯಲ್ಲಿ ಕೂರುತ್ತಾಳೆ. ಓದು ಬಾರದು ಆಕೆಗೆ. ಇದನ್ನು ಬರೆಯುವ ಧೈರ್ಯ ಬಂದದ್ದೂ ಅದಕ್ಕೇ. ನಾನು ಹೋದಾಗಲೆಲ್ಲ, ಅವರ ದೋಸ್ತ ನೀನು ಎಂದು, ತೂಗಿದ್ದರ ಮೇಲೆ ಎರಡು ಬಂಗಡೆ ಹೆಚ್ಚಿಗೆ ಎತ್ತಿ ಕೊಡಲು ಬರುತ್ತಾಳೆ. ಬೇಡ ಎಂದರೆ ಯಾಕೆಂದು ಕೇಳುತ್ತಾಳೆ. ನಾನು ಚೀಲದ ಬಾಯಿ ಅಗಲಿಸಿ ಹಿಡಿಯುತ್ತೇನೆ.