ಕೇಳದೆ ಚಿವುಟಿದ ಅಣ್ಣೆ ಸೊಪ್ಪು

ಬೆರಕೆ ಸೊಪ್ಪಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕ್ಯಾಲನೂರಿನ ಸುತ್ತ ಯಾರ ಹೊಲದ ಬದುವಿನಲ್ಲಾದರೂ ಅಣ್ಣೆ, ಗೋಣಿ, ಕಾಶಿ ಸೊಪ್ಪುಗಳ ಕುಡಿ ಚಿವುಟಿಕೊಳ್ಳಬಹುದು. ಕೇಳಿದರೆ ಹೊಲದವರಿಗೇ ಬೇಸರ. ತಾನಾಗಿ ಹುಟ್ಟಿದ್ದಕ್ಕೆ ಯಜಮಾನನಿಲ್ಲ ಎಂಬುದು ನಮ್ಮ ಕಡೆಯ ರೀತಿ.

ಈ ಮಳೆಗಾಲ ಮಗಳು ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಬಂದ ದಿನವೇ ಬಸ್ಸಾರು ಕೇಳಿದಳು. ಮರುದಿನ ಐದಕ್ಕೆ ಎದ್ದೆ. ಆರಕ್ಕೆ ಪಕ್ಕದ ಮನೆಯವನ ಟೊಮೇಟೊ ತೋಟದ ಬದುವಿನಲ್ಲಿದ್ದೆ. ಅಣ್ಣೆ ಸೊಪ್ಪು ಮೊಣಕಾಲೆತ್ತರ ಬೆಳೆದಿತ್ತು. ಬೇರೆ ದಿನ ಸೀರೆಗೆ ಹಾರುವ ಮಿಡತೆ ಒಂದೂ ಇರಲಿಲ್ಲ. ಎಲೆಗಳ ಮೇಲೆ ಒಣಗಿದ ಹನಿಯ ಬಿಳಿ ಕಲೆ. ಧೂಳು ಕೂತಿದೆ ಎಂದುಕೊಂಡೆ. ಆರೂವರೆಗೆ ಮಡಿಲು ತುಂಬಿತು.

ಮೂರು ನೀರಿನಲ್ಲಿ ತೊಳೆದು, ತೊಗರಿಬೇಳೆಯ ಜೊತೆ ಬೇಯಿಸಿ ಬಸಿದೆ. ಬಸಿದ ಕಟ್ಟಿನ ನೀರಿಗೆ ಉಪ್ಪು, ಮೆಣಸು ಹಾಕಿ ಮೊದಲ ಲೋಟ ಬಸುರಿಗೆ ಕೊಡುವುದು ನಮ್ಮಮ್ಮನ ಕಾಲದ ಪದ್ಧತಿ. ಎಂಟಕ್ಕೆ ಸರಿಯಾಗಿ ಕೊಟ್ಟೆ.

“ಇನ್ನೊಂದ್ ಲೋಟ ಕೊಡಮ್ಮ, ಗಡಿಯಾರ ನೋಡ್ಬೇಡ,” ಎಂದಳು ಮಗಳು. ಕೊಟ್ಟೆ.

ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುತ್ತಿದ್ದಾಗ ಪಕ್ಕದ ಮನೆಯವನು ಡೈರಿಗೆ ಹಾಲು ಹಾಕಿ ಬಂದು ಬಾಗಿಲಲ್ಲಿ ನಿಂತ.

“ಘಮಘಮ ಅಂತೈತಲ್ಲಕ್ಕಾ! ಸೊಪ್ಪೆಲ್ಲಿ ಸಿಕ್ತು?”

“ನಿನ್ ಬದಿನಲ್ಲೇ ಕಣೋ. ಕೂತ್ಕೊ, ನಿಂಗೂ ಒಂದ್ ಮುದ್ದೆ ಇಡ್ತೀನಿ.”

ಅವನ ನಗು ನಿಂತಿತು. “ಅಯ್ಯೋ ದೇವುಡಾ! ನೆನ್ನೆ ಸಾಯಂಕಾಲ ಕಳೆ ಔಷಧಿ ಹೊಡ್ಸಿದ್ದೆ. ಒಂದ್ ಮಾತು ಕೇಳ್ಬಾರ್ದಾ ಅಕ್ಕಾ?”

“ನೀನು ಹೇಳ್ಬಾರ್ದಿತ್ತಾ?”

ಮಗಳು ಎರಡನೆಯ ಲೋಟವನ್ನೂ ಖಾಲಿ ಮಾಡಿದ್ದಳು.

ಅವನೇ ಔಷಧಿಯ ಡಬ್ಬಿ ಹಿಡಿದು, ಆಟೋ ಕರೆತಂದು ನಮ್ಮನ್ನು ಕೋಲಾರದ ಆಸ್ಪತ್ರೆಗೆ ಮುಟ್ಟಿಸಿದ. ಡಾಕ್ಟರಮ್ಮ ಡಬ್ಬಿಯ ಚೀಟಿಯನ್ನು ಎರಡು ಸಲ ಓದಿದರು. ಮಗುವಿನ ಎದೆಬಡಿತ ಕೇಳಿಸಿದರು. “ಈಗ ಸರಿ ಇದೆ. ಮುಂದಿನದು ಈಗಲೇ ಹೇಳಕ್ಕಾಗಲ್ಲ. ದಿನಾ ಒದೆತ ಎಣಿಸಿ. ಹತ್ತು ಆಗೋಕೆ ಹೊತ್ತು ಜಾಸ್ತಿ ಆಗ್ತಾ ಹೋದ್ರೆ ಕಾಯಬೇಡಿ, ಬಂದ್ಬಿಡಿ,” ಎಂದರು.

ಐದನೇ ದಿನ ಬದುವಿನ ಸೊಪ್ಪೆಲ್ಲ ಬುಡದವರೆಗೂ ಹಳದಿಯಾಗಿ ಮಲಗಿತು. ನಾವು ಆ ಕಡೆ ಹೋಗುವುದನ್ನು ಬಿಟ್ಟೆವು.

ಅದಾಗಿ ಮೂರು ವಾರವಾಯಿತು; ಹೆರಿಗೆಗೆ ಇನ್ನೂ ಆರು ವಾರವಿದೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಅವಳನ್ನು ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸುತ್ತೇನೆ. ಮೊನ್ನೆ ಹತ್ತು ಒದೆತಕ್ಕೆ ಇಪ್ಪತ್ತು ನಿಮಿಷ. ನಿನ್ನೆ ಮೂವತ್ತೈದು. ಇವತ್ತು ಗಂಟೆ ದಾಟಿದರೂ ಆರೇ ಆಗಿತ್ತು.

“ಎಷ್ಟಾಯ್ತಮ್ಮಾ?”

“ನಿನ್ನೆಯಷ್ಟೇ ಕಣೇ,” ಎಂದು ಹೇಳಿ, ಆಟೋದವನಿಗೆ ಫೋನ್ ಮಾಡಲು ಹೊರಗೆ ಬಂದೆ.