ಅವ್ವ ಹಾಕಿದ ಕೊಂಡಿ

ಎಂಬತ್ತರ ದಶಕದ ಶುರುವಿನಲ್ಲಿ ಒಂದು ಚಳಿಗಾಲ ಇಳಕಲ್ಲಿನ ನಮ್ಮ ಮನೆಗೆ ಪರದೇಶದ ಹುಡುಗಿಯೊಬ್ಬಳು ಬಂದಳು. ನಮ್ಮ ಕಡೆಯ ಒಬ್ಬ ವಿದ್ಯಾರ್ಥಿ ಅವರ ದೇಶಕ್ಕೆ, ಅವರ ಕಡೆಯ ಒಬ್ಬಳು ಇಲ್ಲಿಗೆ, ಒಂದು ವರ್ಷದ ಮಟ್ಟಿಗೆ ಅದಲುಬದಲು ಎಂಬ ಏರ್ಪಾಡು. ಆರು ತಿಂಗಳು ಧಾರವಾಡದಲ್ಲಿ ಕನ್ನಡ ಕಲಿತು, ನೇಯ್ಗೆ ಕಲಿಯಲು ನಮ್ಮಲ್ಲಿಗೆ ಬಂದಿದ್ದಳು. ಅಪ್ಪನದು ಕುಣಿಮಗ್ಗ, ನೆಲದ ಗುಂಡಿಯೊಳಗೆ ಕಾಲಿಟ್ಟು ನೇಯುವಂಥದ್ದು. ಎಲ್ಲರಿಗೂ ‘ರಿ’ ಹಚ್ಚಿ ಮಾತಾಡಬೇಕೆಂದು ಯಾರೋ ಅವಳಿಗೆ ಹೇಳಿಕೊಟ್ಟಿದ್ದರು. ಅವಳು ನಮ್ಮ ಬೆಕ್ಕಿಗೂ “ಹಾಲು ಕುಡೀರಿ” ಅನ್ನುತ್ತಿದ್ದಳು.

ಆ ವರ್ಷ ನನ್ನದು ಬಿ.ಎ. ಕೊನೆಯ ಪರೀಕ್ಷೆ. ಅವಳ ನೇಯ್ಗೆಯ ಪರೀಕ್ಷೆಯೂ ಅದೇ ತಿಂಗಳಲ್ಲಿ ಬಂತು. ಬೆಳಿಗ್ಗೆ ಐದಕ್ಕೆ ಎದ್ದು ಹಿತ್ತಲಿನಲ್ಲಿ ಓದುವಳು. ಬಿಸಿಲೇರಿದರೆ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಓದುವಳು. ಅಲ್ಲಿ ತಂಪು. ನಾನು ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗುತ್ತಿದ್ದೆ. “ಅಕೀನ್ನ ನೋಡಿ ಕಲಿಯವ್ವಾ” ಎಂದು ಅಪ್ಪ ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅವಳ ಬರೆಯುವ ಪರೀಕ್ಷೆಗಳು ಬಾಗಲಕೋಟೆಯಲ್ಲಿ. ಹೋದಾಗಲೆಲ್ಲ ಬರುವ ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸಿನಿಂದ ಇಳಿದು ಓಡಿಹೋಗಿ ಕರದಂಟು ತರುವಳು. ತಿನ್ನುವಾಗ ಮಾತ್ರ ನನಗೆ ಅವಳ ಮೇಲೆ ಸಿಟ್ಟಿರುತ್ತಿರಲಿಲ್ಲ.

ಕೈಕೆಲಸದ ಪರೀಕ್ಷೆ ನಮ್ಮ ಮನೆಯಲ್ಲೇ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯೊಳಗೆ ಇನ್ನೊಂದರ ಎಳೆ ತೂರಿಸಿ, ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಒಂದು ಸೀರೆಯ ಕೊಂಡಿಯನ್ನು ಅವಳೊಬ್ಬಳೇ ಹಾಕಬೇಕು, ಪರೀಕ್ಷೆ ಮಾಡುವ ಮೇಡಂ ಧಾರವಾಡದಿಂದ ಬಂದು ನೋಡಬೇಕು. ಇದರಲ್ಲಿ ನಪಾಸಾದರೆ ಬರೆದ ಪೇಪರುಗಳೂ ಲೆಕ್ಕಕ್ಕಿಲ್ಲ, ಇಡೀ ವರ್ಷ ಹೋದಂತೆ.

ನಮ್ಮಲ್ಲಿ ಕೊಂಡಿ ಹೆಂಗಸರ ಕೆಲಸ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದೇ ಅದನ್ನು. ಹಿಂದಿನ ತಿಂಗಳು ಹುನಗುಂದದವರು ನನ್ನನ್ನು ನೋಡಲು ಬಂದಿದ್ದಾಗ, ಮಗ್ಗದ ಮೇಲಿದ್ದ ಹಾಸಿನ ಕೊಂಡಿ ತೋರಿಸಿ ಅವ್ವ, “ಎಲ್ಲಾ ನಮ್ಮ ಹುಡುಗೀನ ಹಾಕ್ಯಾಳ್ರಿ” ಅಂದಿದ್ದಳು. ಅವರು ಕೊಂಡಿಯನ್ನೂ ಒಪ್ಪಿದರು, ನನ್ನನ್ನೂ ಒಪ್ಪಿದರು. ಖರೆ ಅಂದರೆ ನಾನು ಯಾವತ್ತೂ ಅರ್ಧ ಮೊಳಕ್ಕಿಂತ ಹೆಚ್ಚು ಹಾಕಿದವಳಲ್ಲ. ಬೆಳಕು ಸಾಲದು, ಎಳೆ ತೆಳುವು ಎಂದು ಎದ್ದುಬಿಡುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಉಳಿದದ್ದನ್ನು ಅವ್ವ ಮುಗಿಸುತ್ತಿದ್ದಳು.

ಹುಡುಗಿ ಮೂರು ದಿನ ಕೂತು ಕೊಂಡಿ ಹಾಕಿ ಮುಗಿಸಿ, ಕೊನೆಯ ಪೇಪರಿಗೆಂದು ಬಾಗಲಕೋಟೆಗೆ ಹೋದಳು. ಮರುದಿನ ಅಮಾಸೆ. ಅಮಾಸೆಗೆ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಸಡಿಲ ಕೊಂಡಿಯನ್ನು ಹಾಗೇ ಬಿಟ್ಟು ಅಮಾಸೆ ದಾಟಿಸಬಾರದು ಎಂಬುದು ಅವ್ವನ ನೇಮ. ಆ ಸಂಜೆಯೇ ಅವ್ವ ಕೂತು, ಹುಡುಗಿಯ ಸಡಿಲ ಕೊಂಡಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹಾಕಿದಳು. ನಾನು ಅಲ್ಲೇ ಇದ್ದೆ, ಬೇಡ ಅನ್ನಲಿಲ್ಲ. ಹುಟ್ಟಿದಾಗಿನಿಂದ ನನಗೆ ಮಾಡಿದ್ದನ್ನೇ ಅವಳಿಗೂ ಮಾಡುತ್ತಿದ್ದಳು, ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಅಮಾಸೆಯ ಮರುದಿನ ಬೆಳಿಗ್ಗೆ ಹುಡುಗಿ ಬಂದು, ಚೀಲ ಇಳಿಸಿ, ಮಗ್ಗದ ಮೇಲೆ ಬೆರಳಾಡಿಸಿದಳು. ಬೆರಳು ನಡುವೆ ನಿಂತಿತು.

“ಇದು ನಂದಲ್ಲರಿ.”

“ಸಡಲಿದ್ದುವು ಮಗಳ. ನಾ ಬಿಗಿ ಮಾಡೇನಿ” ಎಂದು ಅವ್ವ ನಕ್ಕಳು.

“ಅವ್ವಾರ, ಇದು ಪರೀಕ್ಷಾರಿ. ನನ್ನ ಪೇಪರ್‌ದಾಗ ನೀವು ಬರದಂಗ ಆತು.”

“ಮನಿ ಮಗಳ ಕೆಲಸ ತಾಯಿ ಮಾಡಿದ್ರ ಕಳವೇನ?” ಅವ್ವನ ಮುಖ ಸಣ್ಣದಾಯಿತು.

ನಾನು ನಡುವೆ ಬಾಯಿ ಹಾಕಿದೆ. “ಬಿಡ, ಮೇಡಂಗ ಏನ್ ತಿಳೀತದ.”

ಹುಡುಗಿ ಕೂತು ಬಿಚ್ಚತೊಡಗಿದಳು, ಅವ್ವನದು ಒಂದೂ ಉಳಿಯಬಾರದೆಂದು ತನ್ನವನ್ನೂ ಅವ್ವನವನ್ನೂ. ಮೇಡಂ ಬರಲು ಎರಡು ದಿನ ಇತ್ತು. ಮೂರು ದಿನ ಹಿಡಿದ ಕೆಲಸ ಎರಡು ದಿನಕ್ಕೆ ಮುಗಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ತನ್ನ ಕೈಯ ಕೊಂಡಿ ಕಣ್ಣೆದುರಿಗೆ ಬಿಚ್ಚಿಹೋಗುವುದನ್ನು ನೋಡಲಾರದೆ ಅವ್ವ ಒಳಗೆ ಹೋದಳು. ಆ ದಿನ ರೊಟ್ಟಿ ಬಡಿದ ಸದ್ದು ಎರಡು ಮನೆಯಾಚೆಗೂ ಕೇಳಿರಬೇಕು. ಊಟವಾದ ಮೇಲೆ ಬಂದು ಹುಡುಗಿಯ ಪಕ್ಕದಲ್ಲಿ ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದಳು. ಎರಡು ದಿನವೂ ಹಾಗೆಯೇ ಕೂತಳು. ಎಳೆ ತಪ್ಪಿದಾಗ “ಹ್ಞೂಂಹ್ಞೂಂ” ಅನ್ನುವಳು, ಕೈ ಮಾತ್ರ ತೆಗೆಯಳು.

ಮೇಡಂ ಬಂದಾಗ ಕೊನೆಯ ಗೇಣು ಉಳಿದಿತ್ತು. ಹುಡುಗಿ ನಡೆದದ್ದನ್ನೆಲ್ಲ ಹೇಳಿದಳು. ಮೇಡಂ ಅವ್ವನ ಕಡೆ ತಿರುಗಿದರು.

“ಖರೆ ಅದರಿ. ತಪ್ಪು ನಂದು. ಈಗ ಇದರಾಗ ನನ್ನ ಕೈದು ಒಂದೂ ಇಲ್ಲ” ಎಂದಳು ಅವ್ವ.

ಮೇಡಂ ಕುರ್ಚಿ ಎಳೆದುಕೊಂಡು, ಆ ಗೇಣು ಮುಗಿಯುವವರೆಗೂ ಕಾದರು. ಆಮೇಲೆ ಬೆರಳಾಡಿಸಿ, “ಎರಡು ಕಡೆ ಸಡಲ ಅದ, ಅದಕ್ಕ ಮಾರ್ಕ್ಸ್ ಹೋಗ್ತಾವ. ಪಾಸಂತೂ ಆಗೀಯವ್ವಾ” ಎಂದರು. ಹುಡುಗಿ ಅವ್ವನ ಮಡಿಲಲ್ಲಿ ಮುಖವಿಟ್ಟು ಅತ್ತಳು. ನನಗೆ ಹೊಟ್ಟೆಕಿಚ್ಚಾಯಿತು. ಅವಳು ಪಾಸಾದದ್ದಕ್ಕಲ್ಲ, ಆ ಎರಡು ಸಡಿಲ ಕೊಂಡಿಗಳು ಅವಳವು ಎಂಬುದಕ್ಕೆ.

ಅವಳು ಊರು ಬಿಟ್ಟ ಮರುವಾರ ಹೊಸ ಹಾಸು ಬಂತು. ಅವ್ವ ಕೂರಲು ಹೋದಾಗ ನಾನು ಮುಂದೆ ಬಂದೆ.

“ಅತ್ಲಾಗ ಸರಿ ಅವ್ವಾ, ನಾ ಹಾಕ್ತೇನಿ.”

“ಅರ್ಧ ಮೊಳ ಹಾಕು, ಉಳದದ್ದು ನಾ ನೋಡ್ಕೋತೇನಿ.”

“ಬ್ಯಾಡ. ನೀ ಕೈ ಹಚ್ಚಬ್ಯಾಡ.”

ಅವ್ವ ನನ್ನನ್ನೇ ನೋಡಿದಳು. “ಹುನಗುಂದದವರು ಒಪ್ಪಿ ಹೋಗ್ಯಾರ. ನಿನಗ ಬರೂದಿಲ್ಲಲ್ಲವ್ವಾ.”

“ಹೌದು, ನನಗ ಬರೂದಿಲ್ಲ” ಅಂದೆ. ಆ ಮಾತನ್ನು ನಮ್ಮ ಮನೆಯಲ್ಲಿ ನಾನು ಹೇಳಿದ್ದು ಅದೇ ಮೊದಲು. ಅವ್ವ ನನ್ನ ಪಕ್ಕದಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.